ರಿಸೀವರ್ ಬಂದ್ ಆದರೆ ಮೊದಲು ಅದರ ಬೆನ್ನ ಹಿಂದೆ ನೋಡಿ

"ಸರ್, ಚಾಲೂ ಮಾಡಿದ್ರ ಹತ್ತು ನಿಮಿಷ ಹಾಡ್ತದ, ಆಮ್ಯಾಲ ಟಕ್ ಅಂತ ಬಂದ್ ಆಗ್ತದ." ಹೋಮ್ ಥಿಯೇಟರ್ ರಿಸೀವರನ್ನು, ಅಂದರೆ ಸ್ಪೀಕರುಗಳನ್ನೆಲ್ಲ ಹಾಡಿಸುವ ಪೆಟ್ಟಿಗೆಯನ್ನು, ಚಾದರದಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬರುವವರು ಹೆಚ್ಚುಕಡಿಮೆ ಹೇಳುವುದು ಇದನ್ನೇ. ಸ್ಪೀಕರ್ ವೈರ್ ತಂದೀರೇನು ಎಂದು ಕೇಳುತ್ತೇನೆ. ತಂದಿರುವುದಿಲ್ಲ. ನನ್ನ ಬೆಂಚಿನ ಮೇಲೆ ನನ್ನ ಸ್ಪೀಕರಿಗೆ ಜೋಡಿಸಿದರೆ ಅದು ಎರಡು ತಾಸು ಚೆನ್ನಾಗಿ ಹಾಡುತ್ತದೆ. ಮನೆಗೆ ಒಯ್ದ ಸಂಜೆಯೇ ಫೋನ್ ಬರುತ್ತದೆ: "ಮತ್ತ ಹಂಗೇ ಆಗ್ಲಕತ್ತದ್ರಿ." ಕಲಬುರಗಿಯಲ್ಲಿ ಇಷ್ಟು ವರ್ಷ ರಿಪೇರಿ ಮಾಡಿದ ಮೇಲೂ ಈ ಒಂದು ಮಾತಿಗೆ ನನಗೆ ಬೇಸರ ಬರುತ್ತದೆ. ದೋಷ ಮನೆಯಲ್ಲೇ ಉಳಿದಿರುತ್ತದೆ, ಪೆಟ್ಟಿಗೆ ಮಾತ್ರ ಊರು ಸುತ್ತುತ್ತಿರುತ್ತದೆ.

ಟಿವಿ ಆರಿಸಿದ ಕೂಡಲೇ ರಿಸೀವರೂ ಆರಿದರೆ, ಅಥವಾ ಅರ್ಧ ತಾಸು ಸದ್ದಿಲ್ಲದೆ ಇದ್ದಾಗ ಮಾತ್ರ ಆರಿದರೆ, ಅದು ಸೆಟ್ಟಿಂಗಿನ ವಿಷಯ, ರಿಪೇರಿ ಬೇಕಿಲ್ಲ. ನಾನು ಹೇಳುತ್ತಿರುವುದು ಹಾಡುತ್ತಿದ್ದಾಗಲೇ ಒಳಗಿನ ರಿಲೇ (ತಾನೇ ಬೀಳುವ ಸ್ವಿಚ್ಚು) ಟಕ್ ಎಂದು, ಕೆಂಪು ದೀಪ ಮಿಣುಕುವುದನ್ನು, ಇಲ್ಲವೇ ಪರದೆಯ ಮೇಲೆ 'ಪ್ರೊಟೆಕ್ಟ್' ಎಂದು ಬರುವುದನ್ನು. ಆಗ ರಿಸೀವರ್ ಕೆಟ್ಟಿದೆ ಎನ್ನುವುದಕ್ಕಿಂತ, ಅದು ತನ್ನನ್ನು ಕಾಯ್ದುಕೊಳ್ಳುತ್ತಿದೆ ಎನ್ನುವುದೇ ಸರಿ.

ಯಾವುದರಿಂದ? ಬಹಳಷ್ಟು ಸಲ ಸ್ಪೀಕರ್ ವೈರಿನ ಒಂದೇ ಒಂದು ಎಳೆಯಿಂದ. ಸ್ಪೀಕರ್ ವೈರ್ ಎಂದರೆ ಕೂದಲಿನಂಥ ತಾಮ್ರದ ಹತ್ತಾರು ಎಳೆಗಳು. ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ತೆಗೆದು, ಸರಿಯಾಗಿ ಹೊಸೆಯದೆ ರಿಸೀವರಿನ ಹಿಂದಿನ ಟರ್ಮಿನಲ್ಲಿನ, ಅಂದರೆ ವೈರ್ ಜೋಡಿಸುವ ಜಾಗದ, ರಂಧ್ರಕ್ಕೆ ತುರುಕಿದರೆ ಒಂದೆರಡು ಎಳೆ ಹೊರಗೇ ಉಳಿಯುತ್ತವೆ. ಕೆಂಪು ಟರ್ಮಿನಲ್ಲಿನ ಎಳೆ ಕಪ್ಪಿಗೆ ತಾಗಬಹುದು, ಪಕ್ಕದ ಸ್ಪೀಕರಿನ ಟರ್ಮಿನಲ್ಲಿಗೆ ತಾಗಬಹುದು, ಅನೇಕ ಸೆಟ್ಟುಗಳಲ್ಲಿ ಹಿಂದಿನ ಲೋಹದ ತಗಡಿಗೆ ತಾಗಿದರೂ ಅಷ್ಟೇ ಪರಿಣಾಮ. ಓಮ್ ಎಂದರೆ ಕರೆಂಟಿಗೆ ಇರುವ ತಡೆಯ ಅಳತೆ. 8 ಓಮ್ ಸ್ಪೀಕರಿಗೆ 20 ವೋಲ್ಟ್ ಕೊಟ್ಟಾಗ ಹರಿಯುವುದು ಎರಡೂವರೆ ಆಂಪಿಯರ್. ಎಳೆ ತಾಗಿದಲ್ಲಿ ಓಮ್ ಹತ್ತಿರಹತ್ತಿರ ಸೊನ್ನೆ, ಕರೆಂಟಿಗೆ ತಡೆಯೇ ಇಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ (ಸ್ಪೀಕರಿಗೆ ಶಕ್ತಿ ಕೊಡುವ ಭಾಗ) ಸುಡುವ ಮೊದಲೇ ರಿಸೀವರ್ ಬಾಗಿಲು ಹಾಕಿಕೊಳ್ಳುತ್ತದೆ.

ಶಹಾಬಾದ್ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಮೂರು ಸಲ ರಿಸೀವರ್ ತಂದಿದ್ದರು. ವಚನ ಗಾಯನ ಕೇಳುವಾಗ ಏನೂ ತೊಂದರೆಯಿಲ್ಲ, ಮೊಮ್ಮಕ್ಕಳು ಸಿನಿಮಾ ಹಚ್ಚಿದರೆ ಬಂದ್. "ಇದಕ್ಕ ಸಿನಿಮಾ ಆಗಿಬರಂಗಿಲ್ಲ ಅಂತ ಕಾಣಸ್ತದ, ಇರ್ಲಿ ಬಿಡು ತಮ್ಮಾ" ಎಂದರು. ಅವರು ಹಾಗೆ ಸೋತು ಹೇಳಿದ್ದು ನನಗೆ ಸಹಿಸಲಾಗಲಿಲ್ಲ, ನಾಲ್ಕನೇ ಸಲ ನಾನೇ ಮನೆಗೆ ಹೋದೆ. ಶೋಕೇಸಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಸೆಂಟರ್ ಸ್ಪೀಕರಿನ ವೈರಿನಿಂದ ಉಗುರುದ್ದದ ಎಳೆಯೊಂದು ಹೊರಗೆ ಬಾಗಿ ನಿಂತಿತ್ತು. ಸಣ್ಣ ಸದ್ದಿಗೆ ಅದು ಅಲುಗುತ್ತಿರಲಿಲ್ಲ. ಬೇಸ್ ಹೊಡೆದಾಗ ಶೋಕೇಸೇ ನಡುಗಿ, ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗುತ್ತಿತ್ತು. ಕತ್ತರಿಸಿ, ಹೊಸೆದು, ಬಿಗಿ ಮಾಡಿದ್ದು ಐದು ನಿಮಿಷದ ಕೆಲಸ. ಅಮ್ಮನವರು ಚಹಾ, ಸುಸಲಾ ತಿನ್ನಿಸದೆ ಬಿಡಲಿಲ್ಲ.

ಹಾಗಾಗಿ ನನ್ನ ಹತ್ತಿರ ಬರುವ ಮೊದಲು ಇದೊಂದನ್ನು ಮಾಡಿ. ರಿಸೀವರಿನ ಪ್ಲಗ್ ಗೋಡೆಯಿಂದ ಕೀಳಿ. ಹಿಂದಿನ ಸ್ಪೀಕರ್ ವೈರ್ ಎಲ್ಲವನ್ನೂ ಬಿಡಿಸಿ, ಒಂದನ್ನೂ ಉಳಿಸಬೇಡಿ. ಆಮೇಲೆ ಪ್ಲಗ್ ಹಾಕಿ ಚಾಲೂ ಮಾಡಿ. ಸ್ಪೀಕರ್ ಇಲ್ಲದೆ ಓಡಿಸಿದರೆ ಸುಡುತ್ತದೆ ಎಂದು ಹಳೆಯ ಲೌಡ್‌ಸ್ಪೀಕರ್ ಮಂದಿ ಹೇಳುತ್ತಾರೆ. ಅದು ವಾಲ್ವ್ ಆಂಪ್ಲಿಫೈಯರಿನ ಕಾಲದ ನಿಯಮ, ಅಲ್ಲಿ ನಿಜವೇ. ಇಂದಿನ ಟ್ರಾನ್ಸಿಸ್ಟರ್ ರಿಸೀವರಿಗೆ ಅದು ಅನ್ವಯಿಸದು. ವೈರ್ ಬಿಡಿಸಿದ ಮೇಲೆ ಅದು ಆರದೆ ನಿಂತರೆ ದೋಷ ಬಹುಪಾಲು ವೈರಿನಲ್ಲಿ ಇಲ್ಲವೇ ಸ್ಪೀಕರಿನಲ್ಲಿ ಇದೆ. ಒಂದು ಸ್ಪೀಕರ್ ಜೋಡಿಸಿ, ಹತ್ತು ನಿಮಿಷ ಕೇಳಿ, ಪ್ಲಗ್ ಕಿತ್ತು ಮುಂದಿನದನ್ನು ಜೋಡಿಸಿ. ಯಾವುದನ್ನು ಜೋಡಿಸಿದಾಗ ಆರುತ್ತದೋ ಅದೇ ಕಳ್ಳ. ಮಲ್ಟಿಮೀಟರ್ ಇದ್ದರೆ ವೈರಿನ ಬಿಡಿಸಿದ ತುದಿಯಲ್ಲಿ ಅಳೆಯಿರಿ: 8 ಓಮ್ ಸ್ಪೀಕರ್ ಸಾಮಾನ್ಯವಾಗಿ 6-7 ತೋರಿಸುತ್ತದೆ. ಒಂದಕ್ಕಿಂತ ಕಡಿಮೆ ಬಂದರೆ ದಾರಿಯಲ್ಲೆಲ್ಲೋ ಶಾರ್ಟ್ ಆಗಿದೆ. ಇಲಿ ಕಡಿದಿರಬಹುದು, ತೋರಣಕ್ಕೆ ಹೊಡೆದ ಮೊಳೆ ಗೋಡೆಯೊಳಗಿನ ವೈರಿಗೆ ಇಳಿದಿರಬಹುದು. ಮೂರು ಬಂದರೆ ಯಾರೋ ಮಹಡಿಯ ಸ್ಪೀಕರನ್ನೂ ಅದೇ ಟರ್ಮಿನಲ್ಲಿಗೆ ಸೇರಿಸಿದ್ದಾರೇನೋ ಕೇಳಿ ನೋಡಿ. 8 ಓಮಿನ ಎರಡು ಸೇರಿದರೆ 4 ಓಮ್ ಆಗುತ್ತದೆ, ಹೊರೆ ಇಮ್ಮಡಿ.

ಶೆಕೆಯ ಮಾತೂ ಇದೆ. ಮೇ ತಿಂಗಳಲ್ಲಿ ನಮ್ಮಲ್ಲಿ 42-43 ಡಿಗ್ರಿ. ಅದರ ಮೇಲೆ ಬಾಗಿಲು ಮುಚ್ಚಿದ ಶೋಕೇಸು, ಜಾಳಿಗೆ ತುಂಬ ಧೂಳು, ರಿಸೀವರಿನ ನೆತ್ತಿಯ ಮೇಲೆ ಸೆಟ್‌ಟಾಪ್ ಬಾಕ್ಸು. ಅರ್ಧ ತಾಸಿನ ಮೇಲೆ ಆರಿ, ತಣ್ಣಗಾದ ಮೇಲೆ ತಾನೇ ಸರಿಹೋದರೆ ಗಾಳಿ ಕೊಡಿ, ಮೇಲೆ ಗೇಣಗಲ ಜಾಗ ಬಿಡಿ.

ಆರಿದ ಸೆಟ್ಟನ್ನು ಮತ್ತೆ ಮತ್ತೆ ಚಾಲೂ ಮಾಡಬೇಡಿ. ಒಂದೊಂದು ಸಲವೂ ಟ್ರಾನ್ಸಿಸ್ಟರಿಗೆ ಏಟು. "ಆ ಪ್ರೊಟೆಕ್ಷನ್ನೇ ಕಟ್ ಮಾಡಿಕೊಡ್ರಿ" ಎಂದು ಕೇಳುವವರಿದ್ದಾರೆ. ನಾನು ಮಾಡುವುದಿಲ್ಲ, ಮಾಡಿಕೊಡುತ್ತೇನೆ ಎನ್ನುವವರ ಹತ್ತಿರ ನೀವೂ ಹೋಗಬೇಡಿ. ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆದಾಗ 50 ವೋಲ್ಟ್ ಡಿಸಿ ನೇರವಾಗಿ ಸ್ಪೀಕರಿಗೆ ನುಗ್ಗಬಹುದು. ಏಳು ಆಂಪಿಯರಿಗೂ ಹೆಚ್ಚು. ವಾಯ್ಸ್ ಕಾಯಿಲ್, ಅಂದರೆ ಸ್ಪೀಕರಿನೊಳಗಿನ ತಂತಿಯ ಸುರುಳಿ, ಕೆಂಡವಾಗುತ್ತದೆ. ಅಂಥ ಒಂದು ಸ್ಪೀಕರ್ ನನ್ನ ಅಂಗಡಿಗೆ ಬಂದಿತ್ತು, ಕೋನಿನ ಕಾಗದ ಅರ್ಧ ಕರಕಲಾಗಿತ್ತು. ಅದೇ ಕೋಣೆಯಲ್ಲಿ ಮಗು ಮಲಗಿತ್ತಂತೆ.

ವೈರ್ ಎಲ್ಲ ಬಿಡಿಸಿದ ಮೇಲೂ ಚಾಲೂ ಮಾಡಿದ ಕೂಡಲೇ ಆರಿದರೆ ದೋಷ ಒಳಗಿದೆ. ಮುಚ್ಚಳ ನೀವು ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಆಗ ತನ್ನಿ. ಬಿಡಿಸುವ ಮೊದಲು ಬೆನ್ನ ಹಿಂದಿನ ವೈರುಗಳ ಫೋಟೋ ಹತ್ತಿರದಿಂದ, ಬೆಳಕು ಬಿಟ್ಟು ತೆಗೆದುಕೊಂಡಿರಿ. ಎಷ್ಟು ನಿಮಿಷಕ್ಕೆ ಆರುತ್ತದೆ, ವಾಲ್ಯೂಮ್ ಎಷ್ಟಿತ್ತು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ.