ದಪ್ಪಕ್ಷರ ಕಿವಿಗೆ ಕೇಳುವುದು ಹೇಗೆ?

ಶಿರಸಿಯಲ್ಲಿ ಮಳೆಗಾಲ ಅಂದರೆ ನಮ್ಮಂಥ ಡಿಟಿಪಿ ಅಂಗಡಿಯವರಿಗೆ ಕರೆಂಟಿನದ್ದೇ ಚಿಂತೆ. ಅಂಥದ್ದೇ ಒಂದು ಮಧ್ಯಾಹ್ನ ಕುಮಟಾ ಕಡೆಯ ಹುಡುಗನೊಬ್ಬ ತಂಗಿಯ ಕೈ ಹಿಡಿದು ಅಂಗಡಿಗೆ ಬಂದ. ಕಣ್ಣು ಕಾಣುವುದಿಲ್ಲ. ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಅಕ್ಕಾ, ಇದರಲ್ಲಿ ಒಂದು ಯಕ್ಷಗಾನ ಪ್ರಸಂಗ ಇದೆ. ಅಜ್ಜ ಹಾಡುತ್ತಿದ್ದದ್ದು. ನಾನೇ ಟೈಪ್ ಮಾಡಿದ್ದೇನೆ. ಸಣ್ಣ ಪುಸ್ತಕದ ಹಾಗೆ ಮಾಡಿಕೊಡಿ" ಅಂದ.

ಫೈಲ್ ತೆರೆದು ನೋಡಿದೆ. ರಾಗ, ತಾಳದ ಸಾಲುಗಳೆಲ್ಲ ಒಂದೇ ಗಾತ್ರ, ಒಂದೇ ದಪ್ಪ. ಪದ್ಯಗಳೆಲ್ಲ ಎಡದಿಂದ ಒಂದೇ ಅಳತೆ ಒಳಗೆ. ಭಾಮಿನಿ, ವಾರ್ಧಕ, ಕಂದ ಅಂತ ಇರುವ ಕಡೆಯೆಲ್ಲ ಸರಿಯಾಗಿ ನಡುವೆ. ಎಲ್ಲೂ ಒಂದು ಸಾಲು ಆಚೀಚೆ ಇಲ್ಲ. ಕಣ್ಣಿದ್ದವರು ಟೈಪ್ ಮಾಡಿ ತರುವ ಫೈಲುಗಳನ್ನು ದಿನಾ ನೋಡುವ ನನಗೆ ಆಶ್ಚರ್ಯವೇ ಆಯಿತು.

ಆಮೇಲೆ ಯಾವಾಗಲೂ ಮಾಡುವ ಕೆಲಸ ಮಾಡಿದೆ. ಅಚ್ಚಿಗೆ ಪುಟ ಕಟ್ಟಲು ಪೇಜ್‌ಮೇಕರ್ ಎಂಬ ಹಳೇ ತಂತ್ರಾಂಶ ಬಳಸುವವಳು ನಾನು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯುನಿಕೋಡ್ ಕನ್ನಡ ಅದಕ್ಕೆ ಅರ್ಥ ಆಗುವುದಿಲ್ಲ. ಹಾಗಾಗಿ ಇಡೀ ಪ್ರಸಂಗವನ್ನು ನುಡಿಯ ಹಳೇ ಫಾಂಟಿಗೆ ಬದಲಿಸಿದೆ. ಬದಲಿಸುವಾಗ ಅವನ ಫಾರ್ಮ್ಯಾಟಿಂಗ್ ಎಲ್ಲ ಹೋಯಿತು. ವರ್ಡ್‌ನಲ್ಲೇ ಮತ್ತೆ ಕೈಯಿಂದ ಹೊಂದಿಸಿ, ತಪ್ಪು ನೋಡಲಿ ಅಂತ ಆ ಫೈಲನ್ನು ಅವನಿಗೇ ಕಳಿಸಿದೆ.

ಮರುದಿನ ಫೋನ್ ಬಂತು. "ಅಕ್ಕಾ, ಇದರಲ್ಲಿ ಒಂದಕ್ಷರವೂ ಕನ್ನಡ ಇಲ್ಲವಲ್ಲ!" ಅಂದವನು ಫೋನನ್ನು ಕಂಪ್ಯೂಟರಿನ ಹತ್ತಿರ ಹಿಡಿದ. 'ಕನ್ನಡ' ಎಂಬ ಪದ ಇದ್ದ ಕಡೆ, ತೆರೆಯಲ್ಲಿ ಇರುವುದನ್ನು ಅವನಿಗೆ ಓದಿ ಹೇಳುವ ಯಂತ್ರದ ದನಿ ಒಂದೊಂದಾಗಿ ಓದಿತು: ಪಿ, ಎ ಗ್ರೇವ್ (ತಲೆಯ ಮೇಲೆ ಓರೆ ಗೀಟು ಇರುವ ಎ), ಪೌಂಡ್, ಎ ಗ್ರೇವ್, ಆಮೇಲೆ ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಎ ಗ್ರೇವ್.

ದನಿ ತಪ್ಪು ಓದಿರಲಿಲ್ಲ. ಫೈಲಿನ ಒಳಗೆ ನಿಜವಾಗಿ ಇದ್ದದ್ದು ಅದೇ.

ಕನ್ನಡವನ್ನು ಕಂಪ್ಯೂಟರಿಗೆ ತಂದ ಕಾಲದಲ್ಲಿ ಒಂದು ಫಾಂಟಿಗೆ ಹೆಚ್ಚೆಂದರೆ 256 ಮನೆಗಳು ಸಿಗುತ್ತಿದ್ದವು. ಅವೂ ಇಂಗ್ಲಿಷ್ ಮತ್ತು ಯುರೋಪಿನ ಬೇರೆ ಭಾಷೆಗಳ ಅಕ್ಷರಗಳಿಗೆ ಮೀಸಲು. ಆ ಮನೆಗಳಲ್ಲೇ ಕನ್ನಡದ ತುಂಡುಗಳ ಚಿತ್ರ ಕೂರಿಸಿದರು. ಇಂಗ್ಲಿಷಿನ ದೊಡ್ಡ ಪಿ ಇರುವ ಮನೆಯಲ್ಲಿ 'ಕ'ದ ಮೈ, ಪೌಂಡ್ ಗುರುತಿನ ಮನೆಯಲ್ಲಿ 'ನ'ದ ಮೈ, ತಲೆಕಟ್ಟಿಗೆ ಇನ್ನೊಂದು ಮನೆ. ನೋಡುವವರಿಗೆ ಕನ್ನಡ, ಕಂಪ್ಯೂಟರಿಗೆ ಪಿ ಮತ್ತು ಪೌಂಡ್. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಎರಡೂ ಮೊದಲು ನಡೆದದ್ದು ಈ ದಾರಿಯಲ್ಲೇ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆಗ ಇದ್ದ ದಾರಿ ಅದೊಂದೇ. ನಮ್ಮ ಊರಿನ ಅಚ್ಚುಕೂಟಗಳು, ಸೊಸೈಟಿಗಳು, ಸರ್ಕಾರಿ ಕಚೇರಿಗಳು ಕನ್ನಡದಲ್ಲಿ ಕೆಲಸ ಮಾಡಿದ್ದೇ ಆ ಫಾಂಟುಗಳಿಂದ. ನನ್ನ ಅನ್ನವೂ ಅದರಿಂದಲೇ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಕೇರಿ ಸಿಕ್ಕಿದ್ದು 1991ರಲ್ಲೇ. ಅಲ್ಲಿ 'ಕ' ಅಂದರೆ ಕ. 'ಕನ್ನಡ' ಅಂದರೆ ಕ, ನ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ನ, ಡ, ಒಟ್ಟು ಐದು ಗುರುತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದ ಮೇಲೆ ಸಾಮಾನ್ಯ ಕಂಪ್ಯೂಟರಿನಲ್ಲೂ ಅದು ಕಾಣತೊಡಗಿತು. ಸರ್ಕಾರವೂ ಮುಂದೆ ಯುನಿಕೋಡನ್ನೇ ಶಿಷ್ಟತೆ ಅಂತ ಒಪ್ಪಿಕೊಂಡಿತು. ಆದರೆ ಪುಟ ಕಟ್ಟುವ ನಮ್ಮ ಹಳೇ ತಂತ್ರಾಂಶ ಬದಲಾಗಲಿಲ್ಲ. ಮದುವೆ ಕಾಗದ, ಸಂಘದ ವರದಿ, ಸ್ಮರಣ ಸಂಚಿಕೆ ಎಲ್ಲ ಇವತ್ತಿಗೂ ಪಿ ಮತ್ತು ಪೌಂಡ್‌ನಲ್ಲೇ ಉಳಿದಿವೆ.

ಇದು ಬರೀ ಅಕ್ಷರದ ಕಥೆ ಆಯಿತು. ಫಾರ್ಮ್ಯಾಟಿಂಗ್ ಕಥೆಯೂ ಹೀಗೇ ಇದೆ ಅಂತ ನನಗೆ ಗೊತ್ತಾದದ್ದು ಆ ಹುಡುಗ ಮುಂದಿನ ವಾರ ಮತ್ತೆ ಬಂದಾಗ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಟೈಪ್‌ರೈಟರಿನ ಚರಿತ್ರೆ ತೆಗೆದರೆ ಮೊದಲ ಪುಟದಲ್ಲೇ ಕಣ್ಣು ಕಾಣದ ಒಬ್ಬ ಹೆಂಗಸು ಸಿಗುತ್ತಾಳೆ. 1808ರ ಸುಮಾರಿಗೆ ಇಟಲಿಯ ಪೆಲೆಗ್ರಿನೋ ಟುರ್ರಿ ಎಂಬಾತ ತನ್ನ ಗೆಳತಿ, ಕೌಂಟೆಸ್ ಕರೊಲಿನಾ ಫಾಂಟೋನಿಗಾಗಿ ಬರೆಯುವ ಯಂತ್ರ ಮಾಡಿಕೊಟ್ಟ. ಯಂತ್ರ ಉಳಿದಿಲ್ಲ, ಅವಳು ಅದರಲ್ಲಿ ಬರೆದ ಕಾಗದಗಳು ಉಳಿದಿವೆ. ನಾನು ಟೈಪಿಂಗ್ ಕಲಿಯುವಾಗ ತಲೆಬರಹ ನಡುವೆ ತರಲು ಒಂದು ಲೆಕ್ಕ ಹೇಳಿಕೊಟ್ಟಿದ್ದರು. ಕಾಗದದ ನಡುವಿಗೆ ಬಂದು ನಿಲ್ಲು. ತಲೆಬರಹದ ಪ್ರತಿ ಎರಡು ಅಕ್ಷರಕ್ಕೆ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತು. ಅಲ್ಲಿಂದ ಹೊಡೆಯಲು ಶುರು ಮಾಡು. ಸಾಲು ಮುಗಿಯಲು ಬಂದರೆ ಗಂಟೆ ಟಣ್ ಅನ್ನುತ್ತದೆ. ಲೆಕ್ಕ, ಬೆರಳು, ಕಿವಿ. ಕಣ್ಣಿನ ಕೆಲಸ ಕಡಿಮೆ ಅಲ್ವಾ?

ಬ್ರೈಲ್ ಇನ್ನೂ ಒಂದು ಹೆಜ್ಜೆ ಮುಂದೆ. ಭಾರತದ ಭಾಷೆಗಳಿಗೆಲ್ಲ ಒಂದೇ ಬಗೆಯ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಬ್ರೈಲ್‌ನಲ್ಲಿ ಪ್ಯಾರಾ ಸಾಮಾನ್ಯವಾಗಿ ಮೂರನೇ ಮನೆಯಿಂದ ಶುರುವಾಗುತ್ತದೆ, ತಲೆಬರಹ ನಡುವೆ ಕೂರುತ್ತದೆ. ಒಂದು ಪದಕ್ಕೆ ಒತ್ತು ಬೇಕಾದರೆ ಅದನ್ನು ದಪ್ಪ ಮಾಡಲು ಬರುವುದಿಲ್ಲ, ಚುಕ್ಕಿ ಚುಕ್ಕಿಯೇ. ಅದಕ್ಕೇ ಪದದ ಮುಂದೆ ಒಂದು ಗುರುತು ಹಾಕುತ್ತಾರೆ. ಓದುವ ಬೆರಳಿಗೆ ಮೊದಲು ಗುರುತು ಸಿಗುತ್ತದೆ, ಆಮೇಲೆ ಪದ.

ಮೊದಮೊದಲ ಕಂಪ್ಯೂಟರಿನಲ್ಲೂ ಹೀಗೇ ಇತ್ತು. 1978ರ ವರ್ಡ್‌ಸ್ಟಾರ್ ಎಂಬ ಬರೆಯುವ ತಂತ್ರಾಂಶದಲ್ಲಿ ಒಂದು ಪದ ದಪ್ಪ ಮಾಡಬೇಕಾದರೆ ಕಂಟ್ರೋಲ್ ಪಿ, ಬಿ ಒತ್ತಬೇಕು. ಪದದ ಹಿಂದೆ ಮುಂದೆ ಬಿ ಗುರುತು ತೆರೆಯ ಮೇಲೇ ಕಾಣುತ್ತಿತ್ತು. ವರ್ಡ್‌ಪರ್ಫೆಕ್ಟ್‌ನಲ್ಲಿ ಆಲ್ಟ್ ಜೊತೆ ಎಫ್3 ಒತ್ತಿದರೆ ಅಡಗಿದ ಗುರುತುಗಳೆಲ್ಲ ಹೊರಗೆ ಬರುತ್ತಿದ್ದವು. ಇಲ್ಲಿಂದ ದಪ್ಪ ಶುರು, ಇಲ್ಲಿಗೆ ಮುಗಿಯಿತು ಅಂತ. ಆಗಿನ ತೆರೆ ಅಂದರೆ 25 ಸಾಲು, ಸಾಲಿಗೆ 80 ಅಕ್ಷರ. ತೆರೆಯಲ್ಲಿ ಇರುವುದೆಲ್ಲ ಅಕ್ಷರವೇ ಆದ್ದರಿಂದ ಅದನ್ನು ದನಿಯಾಗಿ ಓದಿಸುವುದು ಸುಲಭ. ಟೆಡ್ ಹೆಂಟರ್ ಎಂಬ ಅಮೆರಿಕದ ಮೋಟಾರ್‌ಸೈಕಲ್ ರೇಸುಗಾರ 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡ. ಆತ ಕಟ್ಟಿದ ಕಂಪನಿಯಿಂದ 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರ್, ಅಂದರೆ ತೆರೆಯನ್ನು ದನಿಯಾಗಿ ಓದುವ ತಂತ್ರಾಂಶ, ಬಂತು. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಂಪ್ಯೂಟರಿಗೆ ಮಾಡಿದ್ದು ಅದು.

ಆಮೇಲೆ ವಿಂಡೋಸ್ ಬಂತು. ದಪ್ಪಕ್ಷರ ದಪ್ಪವಾಗಿಯೇ ಕಾಣತೊಡಗಿತು. ನಮಗೆಲ್ಲ ಅದು ಹಬ್ಬ. ಸ್ಕ್ರೀನ್ ರೀಡರಿಗೆ ದೊಡ್ಡ ಪೆಟ್ಟು. ತೆರೆಯಲ್ಲಿ ಈಗ ಅಕ್ಷರ ಇಲ್ಲ, ಅಕ್ಷರದ ಚಿತ್ರ ಇದೆ. ಗುರುತುಗಳೆಲ್ಲ ಮಾಯ. ಯಾವ ತಂತ್ರಾಂಶ ತೆರೆಯ ಮೇಲೆ ಎಲ್ಲಿ ಏನು ಬಿಡಿಸುತ್ತಿದೆ ಅಂತ ಹೊಂಚಿ ಹಿಡಿದು, ಅದರದ್ದೊಂದು ನಕಲನ್ನು ಮೆಮೊರಿಯಲ್ಲಿ ಕಟ್ಟಿಕೊಂಡು ಓದಬೇಕಾಯಿತು. ವಿಂಡೋಸ್‌ಗೆ ಜಾಸ್ ಬಂದದ್ದು 1995ರಲ್ಲಿ. ಮುಂದೆ ಸ್ಕ್ರೀನ್ ರೀಡರುಗಳು ಹೊಂಚುವುದು ಬಿಟ್ಟು ವರ್ಡ್ ತಂತ್ರಾಂಶವನ್ನೇ ನೇರ ಕೇಳಲು ಕಲಿತವು. ಈ ಪದದ ಫಾಂಟ್ ಯಾವುದು, ಗಾತ್ರ ಎಷ್ಟು, ಇದು ತಲೆಬರಹವೋ ಅಲ್ಲವೋ, ಎಲ್ಲ.

ಇಷ್ಟೆಲ್ಲ ಆದರೂ ಜಾಸ್ ನಮ್ಮ ಕಡೆಯ ಹುಡುಗರ ಕೈಗೆ ಸಿಗುವ ಬೆಲೆಯದ್ದಲ್ಲ. ದುಡ್ಡು ಕೊಡದೆ ಬಳಸಿದರೆ 40 ನಿಮಿಷ ನಡೆಯುತ್ತದೆ. ಆಮೇಲೆ ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರು ಮಾಡಬೇಕು. ಅರ್ಜಿ ಬರೆಯುತ್ತಿದ್ದರೂ ಅಷ್ಟೇ, ಪರೀಕ್ಷೆಗೆ ಓದುತ್ತಿದ್ದರೂ ಅಷ್ಟೇ. ಇದನ್ನು ಬದಲಿಸಿದ್ದು ಆಸ್ಟ್ರೇಲಿಯಾದ ಇಬ್ಬರು ಕಣ್ಣು ಕಾಣದ ಗೆಳೆಯರು. ಮೈಕಲ್ ಕರನ್ 2006ರಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬರೆಯಲು ಶುರು ಮಾಡಿದರು, ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಪರಿಚಯ ಆದದ್ದು ಚಿಕ್ಕಂದಿನಲ್ಲಿ, ಕಣ್ಣು ಕಾಣದ ಮಕ್ಕಳ ಸಂಗೀತ ಶಿಬಿರದಲ್ಲಿ. ಎನ್‌ವಿಡಿಎಗೆ ದುಡ್ಡು ಕೊಡಬೇಕಿಲ್ಲ. ಅದರ ಜೊತೆ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ತಗಡು ಬಡಿದ ಹಾಗಿನ ದನಿ ನಿಜ. ಆದರೆ ಒತ್ತಕ್ಷರ ಬಿಡದೆ ಓದುತ್ತದೆ, ಆ ಹುಡುಗ ಅದನ್ನು ಎಷ್ಟು ಜೋರಾಗಿ ಓಡಿಸುತ್ತಾನೆ ಅಂದರೆ ನನಗೆ ಒಂದು ಪದವೂ ಹಿಡಿಯಲು ಆಗಲಿಲ್ಲ.

ಎನ್‌ವಿಡಿಎಯನ್ನು ಪೆನ್‌ಡ್ರೈವ್‌ನಿಂದಲೇ ನಡೆಸಬಹುದು. ಎರಡನೇ ಸಲ ಬಂದಾಗ ಅವನು ತಂದದ್ದು ಅದನ್ನೇ. ನನ್ನ ಕುರ್ಚಿಯಲ್ಲಿ ಕೂತ. ಮೌಸ್ ಅನ್ನು ಆಚೆ ಸರಿಸಿದ. ಮೊದಲು ತನ್ನ ಫೈಲ್ ತೆರೆದ.

'ರಾಗ ಭೈರವಿ, ಝಂಪೆ ತಾಳ' ಎಂಬ ಸಾಲಿಗೆ ಬಂದು ಇನ್ಸರ್ಟ್ ಜೊತೆ ಎಫ್ ಒತ್ತಿದ. ಫಾಂಟಿನ ಹೆಸರು, ಗಾತ್ರ, ದಪ್ಪ, ನಡುವೆ ಇದೆ ಅಂತ ಒಂದೇ ಉಸಿರಲ್ಲಿ ಹೇಳಿತು. "ನೀವು ಕಣ್ಣಲ್ಲಿ ನೋಡುವುದನ್ನು ನಾನು ಹೀಗೆ ಕೇಳುತ್ತೇನೆ. ಆದರೆ ಪ್ರತಿ ಸಾಲಿಗೂ ಹೀಗೆ ಕೇಳುತ್ತಾ ಕೂತರೆ ಬೆಳಗಾಗುತ್ತದೆ" ಅಂದ. ಓದುತ್ತಾ ಹೋಗುವಾಗ ದಪ್ಪ, ಓರೆ, ಬಣ್ಣ ಇದ್ಯಾವುದನ್ನೂ ಎನ್‌ವಿಡಿಎ ತಾನಾಗಿ ಹೇಳುವುದಿಲ್ಲ. ಹೇಳು ಅಂತ ಸೆಟ್ಟಿಂಗ್‌ನಲ್ಲಿ ಹಾಕಿದರೆ ಹೇಳುತ್ತದೆ, ಆಗ ಪದ್ಯಕ್ಕಿಂತ ಅದರ ಮಾತೇ ಜಾಸ್ತಿ ಆಗುತ್ತದೆ. ತಲೆಬರಹವನ್ನು ಮಾತ್ರ ಕೇಳದೆಯೂ ಹೇಳುತ್ತದೆ. ಆದರೆ ಅದು ವರ್ಡ್‌ಗೆ ಇದು ತಲೆಬರಹ ಅಂತ ಹೇಳಿಟ್ಟ ನಿಜವಾದ ಹೆಡಿಂಗ್ ಆಗಿರಬೇಕು, ಬರೀ ದಪ್ಪ ಮಾಡಿದ ಸಾಲಾಗಿರಬಾರದು.

ಅವನು ರಾಗದ ಪ್ರತಿ ಸಾಲಿಗೂ ಕಂಟ್ರೋಲ್, ಆಲ್ಟ್, 2 ಒತ್ತಿ ಎರಡನೇ ಹಂತದ ಹೆಡಿಂಗ್ ಸ್ಟೈಲ್ ಕೊಟ್ಟಿದ್ದ. ಆ ಸ್ಟೈಲ್ ಹೇಗೆ ಕಾಣಬೇಕು ಅಂತ ಒಂದೇ ಸಲ ಹೇಳಿಟ್ಟಿದ್ದ. ಅದಕ್ಕೇ ಒಂದು ಸಾಲೂ ಆಚೀಚೆ ಆಗಿರಲಿಲ್ಲ. ಈಗ ಇನ್ಸರ್ಟ್ ಜೊತೆ ಸ್ಪೇಸ್ ಒತ್ತಿ ಓದುವ ಮೋಡ್‌ಗೆ ಹೋದ. ಎಚ್ ಒತ್ತಿದ. ಭೈರವಿ. ಮತ್ತೆ ಎಚ್. ಕಾಂಬೋದಿ. ಮತ್ತೆ ಎಚ್. ಮಧ್ಯಮಾವತಿ. ಅಜ್ಜನ ಪ್ರಸಂಗದ ರಾಗಗಳು ಒಂದರ ಹಿಂದೆ ಒಂದು ಬಂದವು. ಭಾಗವತರಿಗೆ ಬೇಕಾದದ್ದೂ ಇದೇ. ಪದ್ಯದ ಮಾತಿಗಿಂತ ಮೊದಲು ರಾಗ, ತಾಳ ಸಿಗಬೇಕು.

ಆಮೇಲೆ ನನ್ನ ಫೈಲ್ ತೆರೆಯಲು ಹೇಳಿದ. ಫಾಂಟಿನ ವಿಷಯ ಬಿಡಿ, ಅದು ಬೇರೆ. ಎಚ್ ಒತ್ತಿದ. ಮುಂದೆ ಹೆಡಿಂಗ್ ಇಲ್ಲ ಅಂತ ಹೇಳಿತು. ನಾನು ಸಾಲನ್ನು ಆರಿಸಿ ದಪ್ಪ ಮಾಡಿದ್ದೆ, ಗಾತ್ರ ಹೆಚ್ಚಿಸಿದ್ದೆ, ಅಷ್ಟೇ. ಕೆಳಗೆ ಬಾಣದ ಗುಂಡಿ ಒತ್ತುತ್ತಾ ಹೋದ. ಖಾಲಿ, ಖಾಲಿ, ಖಾಲಿ, ಖಾಲಿ. ಹೊಸ ಪುಟಕ್ಕೆ ಹೋಗಲು ನಾನು ಒತ್ತಿದ ಎಂಟರ್‌ಗಳು ಅವು. ಭಾಮಿನಿ ಎಂಬ ಪದದ ಮುಂದೆ ಅಕ್ಷರ ಅಕ್ಷರವಾಗಿ ಸರಿದರೆ ಸ್ಪೇಸ್, ಸ್ಪೇಸ್, ಸ್ಪೇಸ್. ನಡುವೆ ತರಲು ಎಷ್ಟು ಸಲ ಒತ್ತಿದ್ದೆನೋ ಅಷ್ಟೂ ಸಲ ಅದು ಹೇಳಿತು. ಎರಡೂ ಫೈಲನ್ನು ಪ್ರಿಂಟ್ ತೆಗೆದು ಪಕ್ಕ ಇಟ್ಟರೆ ಯಾವುದು ಯಾರದ್ದು ಅಂತ ಹೇಳಲು ಬರುವುದಿಲ್ಲ.

ಇದು ನನ್ನೊಬ್ಬಳ ಅಭ್ಯಾಸ ಅಲ್ಲ. ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ಬಂದವರು, ಅವರಿಂದ ಕಲಿತವರು, ಎಲ್ಲರೂ ಹೀಗೇ ಮಾಡುತ್ತೇವೆ. ಕಾಗದಕ್ಕೆ ಹೋಗುವ ತನಕ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಈಗ ಬರೆದದ್ದು ಕಾಗದಕ್ಕಿಂತ ಜಾಸ್ತಿ ಫೈಲಾಗಿಯೇ ತಿರುಗುತ್ತದೆ. ಕಾಲೇಜಿನ ನೋಟ್ಸ್, ಸೊಸೈಟಿಯ ಸುತ್ತೋಲೆ, ನೇಮಕಾತಿಯ ಪ್ರಕಟಣೆ, ಎಲ್ಲ ಮೊಬೈಲಿಗೆ ಬರುತ್ತವೆ. ಅದರಲ್ಲೂ ಎಷ್ಟೋ ಸಲ ಸಹಿ ಹಾಕಿದ ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಅದರಲ್ಲಿ ಹೆಡಿಂಗ್ ಹುಡುಕುವ ಮಾತೇ ಇಲ್ಲ, ಅಕ್ಷರವೇ ಇಲ್ಲ, ಫೋಟೋ ಅಷ್ಟೇ.

ಕಾನೂನು ಬೇಕಾದಷ್ಟಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದ ಮೇಲೆ ಓದಲು ಆಗದವರಿಗಾಗಿ ಪುಸ್ತಕದ ರೂಪ ಬದಲಿಸಲು ದಾರಿಯಾಯಿತು. ಇದೇ ವಿಷಯದ 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಇದೆ. ಆದರೆ ಶಿರಸಿಯ ಅಂಗಡಿಯಲ್ಲಿ ಕೂತು ಟೈಪ್ ಮಾಡುವವರ ಬೆರಳಿಗೆ ಅದು ಇನ್ನೂ ತಲುಪಿಲ್ಲ. ನನಗೆ ಒಬ್ಬರೂ ಹೇಳಿಕೊಟ್ಟಿರಲಿಲ್ಲ.

ಕಿವಿಗೆ ಸಿಗದ ಸಂಗತಿಗಳೂ ಇವೆ, ಅದನ್ನೂ ಅವನೇ ಹೇಳಿದ. ಚಿತ್ರ ಪದ್ಯದ ಮೇಲೆ ಹತ್ತಿ ಕೂತಿದೆಯಾ, ಮುಖಪುಟದ ಬಣ್ಣ ಕಣ್ಣಿಗೆ ಹೊಡೆಯುತ್ತದೆಯಾ, ಪುಟದ ಕೊನೆಯಲ್ಲಿ ರಾಗದ ಸಾಲು ಒಂದೇ ಉಳಿದು ಪದ್ಯ ಮುಂದಿನ ಪುಟಕ್ಕೆ ಹೋದದ್ದು ನೋಡಲು ಕೆಟ್ಟದಾಗಿದೆಯಾ ಅಂತ ನನ್ನನ್ನೇ ಕೇಳಿದ. ಕೊನೆಯದ್ದಕ್ಕೆ ಹೆಡಿಂಗ್ ಸ್ಟೈಲೇ ಉತ್ತರ ಅಂತ ಆಮೇಲೆ ಗೊತ್ತಾಯಿತು. ಕೆಳಗಿನ ಸಾಲನ್ನು ಬಿಟ್ಟು ಇರಬೇಡ ಅಂತ ಅದರೊಳಗೇ ಹೇಳಿರುತ್ತದೆ.

ಪ್ರಸಂಗವನ್ನು ಕೊನೆಗೆ ಪೇಜ್‌ಮೇಕರ್‌ಗೆ ಒಯ್ಯಲಿಲ್ಲ. ಅವನ ವರ್ಡ್ ಫೈಲಿನಿಂದಲೇ ಪುಟ ಕಟ್ಟಿದೆವು. ಪಿಡಿಎಫ್ ಮಾಡುವಾಗ ನಾನು ಅಭ್ಯಾಸದಂತೆ ಪ್ರಿಂಟ್‌ಗೆ ಕೈ ಹಾಕಿದೆ. "ಬೇಡ ಅಕ್ಕಾ, ಸೇವ್ ಆ್ಯಸ್‌ನಿಂದ ಮಾಡಿ" ಅಂದ. ಪ್ರಿಂಟ್ ಕಡೆಯಿಂದ ಪಿಡಿಎಫ್ ಮಾಡಿದರೆ ಹೆಡಿಂಗ್ ಗುರುತುಗಳೆಲ್ಲ ಅಲ್ಲೇ ಉದುರಿ ಹೋಗುತ್ತವೆ. ಸೇವ್ ಆ್ಯಸ್‌ನಲ್ಲಿ ಆಯ್ಕೆಗಳನ್ನು ತೆರೆದರೆ ಗುರುತು ಉಳಿಸಬೇಕೋ ಅಂತ ಕೇಳುವ ಒಂದು ಚೌಕ ಇದೆ. ಅದರಲ್ಲಿ ಟಿಕ್ ಇದೆ ಅಂತ ಖಾತ್ರಿ ಮಾಡಿಕೊಂಡು ಉಳಿಸಿದೆ. ಅವನು ಆ ಪಿಡಿಎಫ್ ತೆರೆದು ಎಚ್ ಒತ್ತಿದ. ಭೈರವಿ ಬಂತು.