ಲಾಗ್ ಫೈಲಿಗೊಂದು ಜರಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ಒಮ್ಮೆ ನಿಂತು ನೋಡಿ. ಕಾದ ಮರಳಿಗೆ ಅಕ್ಕಿ ಬೀಳುತ್ತದೆ, ಚಟಪಟ ಅರಳುತ್ತದೆ. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಂದೊಂದೇ ಕಾಳು ಆರಿಸುತ್ತಾ ಯಾರೂ ಕೂರುವುದಿಲ್ಲ.

ಲಾಗ್ ಫೈಲಿನ ಮುಂದೆ ಮಾತ್ರ ನಾನು ಬಹಳ ದಿನ ಹಾಗೇ ಆರಿಸುತ್ತಾ ಕೂತಿದ್ದೆ. ಇಲ್ಲಿನ ಒಂದು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಸಂಜೆ ಗಿರಾಕಿಗಳು ಜಾಸ್ತಿ ಇರುವಾಗಲೇ ಪ್ರಿಂಟರ್ ಕೈಕೊಡುತ್ತಿತ್ತು. ಕಾರಣ ಲಾಗ್‌ನಲ್ಲಿ ಇರಲೇಬೇಕು. ಲಾಗ್ ಅಂದರೆ ಯಂತ್ರ ಬರೆಯುವ ದಿನಚರಿ. ಏನು ನಡೆದರೂ ಒಂದು ಸಾಲು: ‘18:42:07 ಎರರ್: ಪ್ರಿಂಟರ್ ಸಿಗುತ್ತಿಲ್ಲ’. ಇಂಥ ಒಂದು ಸಾಲು ಸಿಗಬೇಕಾದರೆ ಸಾವಿರಾರು ‘ಬಿಲ್ ಸೇವ್ ಆಯಿತು’ ದಾಟಬೇಕು.

ಇದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಗ್ರೆಪ್ ಎಂಬ ಜರಡಿ ಇದೆ, ಕೇಳಿದ ಪದ ಇರುವ ಸಾಲುಗಳನ್ನಷ್ಟೇ ಸೋಸಿ ಕೊಡುವ ಪ್ರೋಗ್ರಾಂ. 1973ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಬರೆದದ್ದು. ಅವರ ಜೊತೆಗಾರ ಲೀ ಮೆಕ್‌ಮಹಾನ್ ಹಳೆಯ ರಾಜಕೀಯ ಪ್ರಬಂಧಗಳನ್ನು ಯಾರು ಬರೆದಿರಬಹುದೆಂದು ಹುಡುಕುತ್ತಿದ್ದರು. ಆ ಬರಹ ಆಗಿನ ಎಡಿಟರ್‌ನ (ಬರಹ ತಿದ್ದುವ ಪ್ರೋಗ್ರಾಂ) ಮೆಮೊರಿಗೆ ಹಿಡಿಸುತ್ತಿರಲಿಲ್ಲ, ಅದಕ್ಕೇ ಗ್ರೆಪ್ ಬಂತು. ಗ್ರೆಪ್ ಇಡೀ ಫೈಲನ್ನು ಒಟ್ಟಿಗೆ ಹೊತ್ತುಕೊಳ್ಳುವುದಿಲ್ಲ. ಸಾಲು ಓದುತ್ತದೆ, ಹೊಂದಿದರೆ ಹೊರಗೆ ಕೊಡುತ್ತದೆ, ಮುಂದಕ್ಕೆ ಹೋಗುತ್ತದೆ. ಅದಕ್ಕೇ ಹಳೇ ಲ್ಯಾಪ್‌ಟಾಪ್‌ನಲ್ಲೂ ಹಲವು ಜಿಬಿ ಫೈಲು ಸಲೀಸಾಗಿ ಸೋಸಬಹುದು.

ಜರಡಿಯ ಕಣ್ಣು ಸರಿಯಿರಬೇಕು, ಅಲ್ವಾ? ಸುಮ್ನೆ ‘ಎರರ್’ ಅಂತ ಹುಡುಕಿದೆ. ‘ಎರರ್: 0’ ಅನ್ನುವ ಒಳ್ಳೆಯ ಸಾಲುಗಳೂ ರಾಶಿ ಬಿದ್ದವು. ‘ಎರರ್: ಪ್ರಿಂಟರ್’ ಎಂದು ಬಿಗಿ ಮಾಡಿದ ಮೇಲೆ 37 ಸಾಲು ಉಳಿದವು. ಎಲ್ಲವೂ ಸಂಜೆ 6.40ರ ಆಸುಪಾಸು. ಅಂಗಡಿಯ ಬೋರ್ಡ್ ಲೈಟ್ ಹಾಕುವ ಹೊತ್ತು! ಬೋರ್ಡಿಗೂ ಪ್ರಿಂಟರ್‌ಗೂ ಒಂದೇ ಸಡಿಲ ಎಕ್ಸ್‌ಟೆನ್ಶನ್ ಬಾಕ್ಸ್.

ಉಳಿಸಿಡುವಾಗ ಇನ್ನೊಂದು ಪೆಟ್ಟು ತಿಂದೆ. ‘>’ ಚಿಹ್ನೆ ಫಲಿತಾಂಶವನ್ನು ಫೈಲಿಗೆ ಹಾಕುತ್ತದೆ. ಆತುರದಲ್ಲಿ ಮೂಲ ಲಾಗ್‌ನ ಹೆಸರನ್ನೇ ಕೊಟ್ಟೆ. ಶೆಲ್, ಅಂದರೆ ನಾವು ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಂ, ಮೊದಲು ಆ ಫೈಲನ್ನು ಖಾಲಿ ಮಾಡುತ್ತದೆ, ಆಮೇಲೆ ಗ್ರೆಪ್ ಶುರುವಾಗುತ್ತದೆ. ಓದಲು ಏನೂ ಉಳಿದಿರಲಿಲ್ಲ. ಒಂದು ವಾರದ ಲಾಗ್ ಹೋಯಿತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಅಂಗಡಿ ಬಾಗಿಲು ಹಾಕಿದ ಮೇಲೆ ಪುಟ್ಟ ಸ್ಕ್ರಿಪ್ಟ್ (ಮೊದಲೇ ಬರೆದಿಟ್ಟ ಆಜ್ಞೆಗಳ ಪಟ್ಟಿ) ಓಡುತ್ತದೆ. ಸೋಸಿದ್ದು ಬೇರೆ ಫೋಲ್ಡರ್‌ಗೆ, ತಾರೀಕಿನ ಹೆಸರಲ್ಲಿ, ಅದೇ ಯಂತ್ರದಲ್ಲಿ. ಹಳೇ ಲಾಗ್‌ಗಳನ್ನು ಸಿಸ್ಟಮ್ ಕೆಲವು ದಿನಕ್ಕೆ ಅಳಿಸುತ್ತದೆ, ಹಾಗಾಗಿ ನಮ್ಮ ಪ್ರತಿ ಬೇಕು. ಗಿರಾಕಿಗಳ ಫೋನ್ ನಂಬರೂ ಅದರಲ್ಲಿರುತ್ತವೆ, ಹೊರಗೆ ಕಳಿಸುವುದು ನನಗೆ ಸರಿ ಕಾಣದು. ಬಾಕ್ಸ್ ಬದಲಿಸಿದ ಮೇಲೆ ಫೈಲುಗಳು ಖಾಲಿ ಬರುತ್ತಿವೆ. ಖಾಲಿ ಅಂದರೆ ತೊಂದರೆ ಇಲ್ಲವೋ, ಲಾಗ್ ಓದಲೇ ಇಲ್ಲವೋ? ಅದಕ್ಕೆ ಓದಿದ ಒಟ್ಟು ಸಾಲುಗಳ ಲೆಕ್ಕವನ್ನೂ ಕೊನೆಯಲ್ಲಿ ಬರೆಸುತ್ತೇನೆ.