ಟಿಕ್ ಇರೋರ ದನಿ ಯಾಕೆ ಕೆಡುತ್ತೆ: ನನ್ನ ನೋಟ್ಸ್

ಈ ಟಾಪಿಕ್‌ನಲ್ಲಿ ನಾನು ತುಂಬಾ ದಿನ ಕನ್‌ಫ್ಯೂಸ್ ಆಗಿದ್ದು ಒಂದೇ ಕಡೆ. ಟಿಕ್ ಅಂದ್ರೆ ತಡೆಯೋಕೆ ಕಷ್ಟ ಆಗೋ ಹಾಗೆ ಇದ್ದಕ್ಕಿದ್ದಂಗೆ ಮತ್ತೆ ಮತ್ತೆ ಬರೋ ಚಲನೆ ಅಥವಾ ಸದ್ದು, ಸದ್ದಿನದಾದ್ರೆ ವೋಕಲ್ ಟಿಕ್. ವೋಕಲ್ ಟಿಕ್ ಬೇರೆ, ವಾಯ್ಸ್ ಡಿಸಾರ್ಡರ್ ಬೇರೆ. ಗಂಟಲು ಸರಿಮಾಡ್ಕೊಳ್ಳೋದು, ಮೂಗು ಸೊರಸೊರ ಅನ್ಸೋದು, ಇದ್ದಕ್ಕಿದ್ದಂಗೆ ಕೂಗೋದು, ಇವು ಟಿಕ್. ಇದೇ ಸದ್ದು ದಿನವಿಡೀ ಬಂದು ಬಂದು ಧ್ವನಿತಂತು ನೊಂದು ಮಾಮೂಲಿ ಮಾತೂ ಗೊಗ್ಗರಾದ್ರೆ ಅದು ವಾಯ್ಸ್ ಡಿಸಾರ್ಡರ್.

ಕತ್ತಿನ ಮುಂದೆ ಬೆರಳಿಟ್ಟು ಒಂದ್ಸಲ ಗಂಟಲು ಸರಿಮಾಡ್ಕೊಂಡು ನೋಡಿ, ಒಳಗೆ ಜರ್ಕ್ ಹೊಡೆಯುತ್ತಲ್ವಾ, ಆಗ ಎರಡೂ ತಂತು ಬಿಗಿಯಾಗಿ ಒಂದಕ್ಕೊಂದು ಬಡಿದು ಕೆಳಗಿಂದ ಗಾಳಿ ಜೋರಾಗಿ ನುಗ್ಗಿರುತ್ತೆ. ಟಿಕ್ ಜಾಸ್ತಿ ಇರೋ ಮಗುಗೆ ಇದು ನಿಮಿಷಕ್ಕೆ ಎಷ್ಟೋ ಸಲ. ತಂತು ಊದ್ಕೊಳ್ಳುತ್ತೆ, ಹಂಗೇ ಮುಂದುವರೆದ್ರೆ ಏಟು ಜಾಸ್ತಿ ಬೀಳೋ ಜಾಗದಲ್ಲಿ, ಅಂದ್ರೆ ಮುಂದಿನ ಮೂರನೇ ಒಂದು ಭಾಗ ಮುಗಿಯೋ ಕಡೆ, ಎರಡೂ ತಂತಿನ ಮೇಲೆ ನಾಡ್ಯೂಲ್, ಅಂದ್ರೆ ಸಣ್ಣ ಗಂಟು, ಏಳಬಹುದು. ಊದಿದ ಗಂಟಲಲ್ಲಿ ಏನೋ ಸಿಕ್ಕಂಗಾಗಿ ಮತ್ತೆ ಗಂಟಲು ಸರಿಮಾಡ್ಬೇಕು ಅನ್ಸುತ್ತೆ, ಪಾಪ ಅದೇ ಸುತ್ತು. ಮೂಗಿನ ಟಿಕ್‌ನಲ್ಲಿ ಈ ಏಟು ಇಲ್ಲ, ಆ ಸದ್ದು ತಂತಿಂದ ಬರೋದೇ ಅಲ್ಲ, ಅದಕ್ಕೇ ಕೆಲವರು ವೋಕಲ್ ಬದಲು ಫೋನಿಕ್ (ಸದ್ದಿನ) ಟಿಕ್ ಅಂತಾರೆ.

ಮೋಟರ್ ಟಿಕ್ (ಮೈ ಕದಲೋದು), ವೋಕಲ್ ಟಿಕ್ ಎರಡೂ ಇರೋ ಕಾಯಿಲೆಗೆ ಟುರೆಟ್ ಅಂತಾರೆ. ಹಾಗನ್ನೋಕೆ ಎರಡಾದ್ರೂ ಮೋಟರ್ ಟಿಕ್, ಒಂದಾದ್ರೂ ವೋಕಲ್ ಟಿಕ್, 18 ವರ್ಷದೊಳಗೆ ಶುರುವಾಗಿ 1 ವರ್ಷ ದಾಟಿರ್ಬೇಕು.

ಟಿಕ್‌ನ ಸ್ಪಾಸ್ಮೋಡಿಕ್ ಡಿಸ್ಫೋನಿಯಾ (ಧ್ವನಿಪೆಟ್ಟಿಗೆಯ ಸ್ನಾಯು ತಾನಾಗೇ ಬಿಗಿಯೋ ಕಾಯಿಲೆ) ಜೊತೆ ಕಲಸ್ಕೋಬೇಡಿ. ಅದರಲ್ಲಿ ಮಾತಾಡುವಾಗ ದನಿ ತುಂಡಾಗುತ್ತೆ, ಟಿಕ್ ಸುಮ್ನೆ ಕೂತಾಗ್ಲೂ ಬರುತ್ತೆ. ಬ್ಲಾಕಿಂಗ್ ಟಿಕ್ ಬಂದು ಮಾತು ಅರ್ಧಕ್ಕೆ ನಿಂತ್ರೆ ಉಗ್ಗು ಅನ್ಕೊಳ್ಳೋರೂ ಇದಾರೆ. "ಬರೋ ಮುಂಚೆ ಗಂಟಲಲ್ಲಿ ಏನಾದ್ರೂ ಅನ್ಸುತ್ತಾ?" ಅಂತ ಕೇಳಿ, ಕೆರೆತ, ಒತ್ತಡ, ಹೇಳದೆ ಇರಕ್ಕಾಗಲ್ಲ ಅನ್ನೋ ತುಡಿತ ಅಂದ್ರೆ ಟಿಕ್ ಕಡೆ ಯೋಚ್ನೆ ಮಾಡಿ, ಆದ್ರೆ ಚಿಕ್ಕ ಮಕ್ಕಳಿಗೆ ಅದನ್ನ ಹೇಳೋಕೆ ಬರದೇ ಇರಬಹುದು.

ದನಿ ಗೊಗ್ಗರಾಗೇ ಉಳಿದ್ರೆ ಇಎನ್‌ಟಿ ಡಾಕ್ಟರ್ ಸ್ಕೋಪ್ ಹಾಕಿ ತಂತು ನೋಡಲೇಬೇಕು, ಎಲ್ಲಾನೂ ಟಿಕ್ ತಲೆಗೆ ಕಟ್ಟೋ ಹಾಗಿಲ್ಲ. ಬರೀ ವಾಯ್ಸ್ ರೆಸ್ಟ್ ಅಂದ್ರೆ ನಡೆಯಲ್ಲ, ಮಗು ಬಾಯಿ ಮುಚ್ಚಿದ್ರೂ ಟಿಕ್ ಮುಚ್ಚಲ್ಲ. ಹ್ಯಾಬಿಟ್ ರಿವರ್ಸಲ್‌ ಅನ್ನೋ, ಟಿಕ್ ಬದಲು ಬೇರೇನಾದ್ರೂ ಮಾಡೋಕೆ ಕಲಿಸೋ ಥೆರಪಿಯಲ್ಲಿ ತುಡಿತ ಬಂದ ತಕ್ಷಣ ಬಾಯಿ ಮುಚ್ಚಿ ಮೂಗಲ್ಲಿ ನಿಧಾನ ಉಸಿರಾಡೋದು, ತುಡಿತ ಇಳಿಯೋವರೆಗೂ. ಜೊತೆಗೆ ಸ್ಪೀಚ್ ಥೆರಪಿಸ್ಟ್ ಹೇಳ್ಕೊಡೋ ಹಾಗೆ ಗುಟುಕು ನೀರು ಕುಡಿದು ನುಂಗೋದು. ತೀರಾ ಜೋರಿದ್ರೆ ದೊಡ್ಡವರಿಗೆ ಧ್ವನಿತಂತಿಗೆ ಬೊಟಾಕ್ಸ್ (ಸ್ನಾಯು ಸಡಿಲ ಮಾಡೋ ಇಂಜೆಕ್ಷನ್) ಕೊಡೋದುಂಟು, ಆಗ ಸ್ವಲ್ಪ ದಿನ ದನಿ ಪಿಸುಮಾತಿನಂಗೆ ಇಳಿದುಹೋಗ್ಬಹುದು, ಇದನ್ನ ಮೊದಲೇ ಹೇಳಿರ್ಬೇಕು.